ಕೂಡಿ ಬಾರದ ಪ್ರೀತಿಯ ಕಥೆ ನಮಗೇಕೆ ಬೇಕು?

ಚಿತ್ರದುರ್ಗದ ಕೋಟೆ ನೋಡಲು ಬರುವವರು ತಪ್ಪದೆ ಕೇಳುವ ಜಾಗಗಳು ಎರಡು. ಒಂದು ಓಬವ್ವನ ಕಿಂಡಿ, ಇನ್ನೊಂದು ರಾಮಾಚಾರಿಯ ಬಂಡೆ. ಹೈದರಾಲಿಯ ಸೈನಿಕರನ್ನು ಒನಕೆ ಹಿಡಿದು ತಡೆದವಳೆಂದು ಈ ಸೀಮೆಯ ಜನ ಓಬವ್ವನನ್ನು ಎದೆಯಲ್ಲಿಟ್ಟುಕೊಂಡು ಬಂದಿದ್ದಾರೆ. ರಾಮಾಚಾರಿಯಾದರೋ ಕಾದಂಬರಿಯ ಪುಟಗಳಲ್ಲಿ ಹುಟ್ಟಿ ಬೆಳ್ಳಿತೆರೆಯ ಮೇಲೆ ಸತ್ತವನು. ಅವನು ಯಾವ ಯುದ್ಧವನ್ನೂ ಗೆಲ್ಲಲಿಲ್ಲ. ಪ್ರೀತಿಸಿದ ಇಬ್ಬರಲ್ಲಿ ಒಬ್ಬಳೊಡನೆಯೂ ಬಾಳಿ ಬದುಕಲಿಲ್ಲ. ಆದರೂ ಗೆದ್ದ ಓಬವ್ವನ ಪಕ್ಕದಲ್ಲೇ ಸೋತ ರಾಮಾಚಾರಿಗೂ ಜನ ಒಂದು ಜಾಗ ಕೊಟ್ಟಿದ್ದಾರೆ. ಇದು ಸುಮ್ಮನೆ ಬಿಟ್ಟುಬಿಡುವ ಸಂಗತಿಯಲ್ಲ.

ತ.ರಾ.ಸು. ಅವರ 'ನಾಗರಹಾವು', 'ಸರ್ಪಮತ್ಸರ', 'ಒಂದು ಗಂಡು ಎರಡು ಹೆಣ್ಣು' ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ ಸಿನಿಮಾ 1972ರ ಡಿಸೆಂಬರ್ ಕೊನೆಯಲ್ಲಿ ತೆರೆ ಕಂಡಿತು. ವಿಷ್ಣುವರ್ಧನ್ ನಾಯಕರಾದದ್ದೂ ಅಂಬರೀಶ್ ತೆರೆಗೆ ಬಂದದ್ದೂ ಅದರಿಂದಲೇ. ಸಿನಿಮಾ ನೋಡಿದ ತ.ರಾ.ಸು. ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ನೊಂದುಕೊಂಡರೆಂಬ ಮಾತು ಇವತ್ತಿಗೂ ಜನರ ಬಾಯಲ್ಲಿದೆ. 2018ರಲ್ಲಿ ಹೊಸ ತಾಂತ್ರಿಕ ರೂಪದಲ್ಲಿ ಅದು ಮತ್ತೆ ಬಿಡುಗಡೆಯಾದಾಗ ತಾತಂದಿರ ಕಾಲದ ಕಥೆಯನ್ನು ಮೊಮ್ಮಕ್ಕಳೂ ಹೋಗಿ ನೋಡಿದರು. ಆ ಐವತ್ತು ವರ್ಷಗಳಲ್ಲಿ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ಟಾಕೀಸುಗಳಲ್ಲಿ ಮದುವೆಯ ಹಾರದೊಂದಿಗೆ ಮುಗಿದ ಸಿನಿಮಾಗಳು ಎಷ್ಟು ಬಂದು ಹೋಗಿಲ್ಲ? ಅವುಗಳಲ್ಲಿ ಬಹುಪಾಲಿನ ಹೆಸರೂ ನಮಗೆ ನೆನಪಿಲ್ಲ. ಕೂಡಿದವರನ್ನು ಮರೆತೆವು, ಕೂಡದವರನ್ನು ನೆನಪಿಟ್ಟುಕೊಂಡೆವು.

ಇದು ನಮ್ಮ ಸೀಮೆಯ ಗುಣವೇನೂ ಅಲ್ಲ. ಜಪಾನಿನ ಫ್ಯೂಜಿ ಟಿ.ವಿ.ಯಲ್ಲಿ 1991ರ ಜನವರಿಯಿಂದ ಮಾರ್ಚ್‌ವರೆಗೆ 'ಟೋಕಿಯೋ ಲವ್ ಸ್ಟೋರಿ' ಎಂಬ ಹನ್ನೊಂದು ಕಂತಿನ ಧಾರಾವಾಹಿ ಪ್ರಸಾರವಾಯಿತು. ಸೈಮೊನ್ ಫುಮಿ ಎಂಬ ಲೇಖಕಿಯ ಚಿತ್ರಕಥಾ ಪುಸ್ತಕವನ್ನು ಸಕಾಮೊತೊ ಯೂಜಿ ಧಾರಾವಾಹಿಯಾಗಿ ಬರೆದಿದ್ದರು. ಸೋಮವಾರ ರಾತ್ರಿ ಅದು ಬರುವ ಹೊತ್ತಿಗೆ ಟೋಕಿಯೋದ ಬೀದಿಗಳಲ್ಲಿ ಹೆಣ್ಣುಮಕ್ಕಳೇ ಕಾಣುತ್ತಿರಲಿಲ್ಲ ಎಂಬ ಮಾತಿದೆ. ಕಥೆ ತೀರಾ ಸರಳ. ಎಹಿಮೆ ಎಂಬ ದೂರದ ಸೀಮೆಯಿಂದ ಕಾಂಜಿ ಎಂಬ ಹುಡುಗ ಕೆಲಸ ಹುಡುಕಿಕೊಂಡು ರಾಜಧಾನಿಗೆ ಬರುತ್ತಾನೆ. ಜೊತೆಯಲ್ಲಿ ಕೆಲಸ ಮಾಡುವ ರಿಕಾ ಎಂಬ ಹುಡುಗಿ ಅವನನ್ನು ಪ್ರೀತಿಸುತ್ತಾಳೆ. ಮುಚ್ಚುಮರೆಯಿಲ್ಲದೆ ಹಾಗೆಂದು ಹೇಳುತ್ತಾಳೆ ಕೂಡ. ಅವನಿಗೂ ಅವಳ ಮೇಲೆ ಮನಸ್ಸಿದೆ. ಆದರೆ ಶಾಲೆಯ ದಿನಗಳಿಂದ ಎದೆಯಲ್ಲಿಟ್ಟುಕೊಂಡ ಸಾತೊಮಿಯನ್ನು ಅವನಿಂದ ಬಿಡಲಾಗುವುದಿಲ್ಲ. ಕೊನೆಗೆ ರಿಕಾ ಅವನ ಹುಟ್ಟೂರಿಗೆ ಹೋಗುತ್ತಾಳೆ. ಇಂಥ ಗಾಡಿಗೆ ಹೊರಡುತ್ತೇನೆ, ಮನಸ್ಸಿದ್ದರೆ ಬಾ ಎನ್ನುತ್ತಾಳೆ. ಅವನು ಓಡೋಡಿ ಬರುವಷ್ಟರಲ್ಲಿ ಹೇಳಿದ್ದಕ್ಕಿಂತ ಒಂದು ಗಾಡಿ ಮುಂಚೆಯೇ ಹೋಗಿಬಿಟ್ಟಿರುತ್ತಾಳೆ. ಕಡಲಂಚಿನ ಪುಟ್ಟ ಸ್ಟೇಷನ್ನಿನ ಕಂಬಿಗೆ ಕಟ್ಟಿದ ಅವಳ ಕರವಸ್ತ್ರವಷ್ಟೇ ಅವನಿಗೆ ಸಿಗುತ್ತದೆ. ಮೂರು ವರ್ಷಗಳ ನಂತರ ಅವನಿಗೆ ಸಾತೊಮಿಯೊಂದಿಗೆ ಮದುವೆಯಾಗಿದೆ. ದಾರಿಯಲ್ಲಿ ರಿಕಾ ಎದುರಾಗುತ್ತಾಳೆ, ಹಳೆಯದನ್ನು ಕೆದಕದೆ ಮಾತಾಡುತ್ತಾಳೆ, ನಗುತ್ತಲೇ ಹೊರಟುಹೋಗುತ್ತಾಳೆ. ಅಷ್ಟೇ.

ಕರವಸ್ತ್ರದ ಆ ಸ್ಟೇಷನ್ನಿನ ಹೆಸರು ಬಾಯ್‌ಶಿಂಜಿ. ಅದು ಮತ್ಸುಯಾಮ ನಗರದ ಅಂಚಿನಲ್ಲಿದೆ. ಧಾರಾವಾಹಿ ಮುಗಿದ ಮೇಲೂ ಜನ ಅಲ್ಲಿಗೆ ಹೋಗಿ ಕಂಬಿಗೆ ಕರವಸ್ತ್ರ ಕಟ್ಟುವ ರೂಢಿ ಬೆಳೆಯಿತು. ದುರ್ಗದಲ್ಲಿ ಬಂಡೆ, ಅಲ್ಲಿ ಕಂಬಿ. ಇರದೇ ಇದ್ದವರ ನೋವಿಗೆ ಇರುವ ಜಾಗವೊಂದನ್ನು ಕೊಡುವುದು ಮನುಷ್ಯರ ಸ್ವಭಾವವೆಂದು ಕಾಣುತ್ತದೆ. ಇಂದು ನಮ್ಮ ಮನೆಯ ಹೆಣ್ಣುಮಕ್ಕಳ ಕೈಯಲ್ಲಿರುವ ಮೊಬೈಲಿನಲ್ಲೂ ಕೊರಿಯಾ, ಜಪಾನಿನ ಇಂಥ ಕಥೆಗಳೇ ಓಡುತ್ತಿವೆ. ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಓದಿಕೊಂಡು, ಹೆಸರು ಹೇಳಲೂ ಬಾರದ ಊರಿನ ಯಾರಿಗೋ ಅವರು ಕಣ್ಣೀರು ಹಾಕುತ್ತಾರೆ. ಅದನ್ನು ಕಂಡು ಅಮ್ಮಂದಿರು ರೇಗುತ್ತಾರೆ, ಅಬ್ಬಂದಿರು ಮೊಬೈಲ್ ಕಸಿದುಕೊಳ್ಳುತ್ತಾರೆ. ಯಾರದೋ ಕಥೆಗೆ ನೀನ್ಯಾಕೆ ಅಳುತ್ತೀ ಎಂಬ ಪ್ರಶ್ನೆ ಮಾತ್ರ ಉತ್ತರವಿಲ್ಲದೆ ಉಳಿಯುತ್ತದೆ. ಆ ಪ್ರಶ್ನೆಗೆ ಗಂಭೀರವಾಗಿ ಉತ್ತರ ಹುಡುಕುವುದು ಈ ಬರಹದ ಉದ್ದೇಶ.

ದುಃಖದಲ್ಲಿ ರುಚಿ ಏಕೆ ಎಂಬುದು ಹಳೆಯ ಪ್ರಶ್ನೆ. ನಮ್ಮ ಅಲಂಕಾರಶಾಸ್ತ್ರದವರು ಶೃಂಗಾರವನ್ನು ಕೂಡಿದವರ ಶೃಂಗಾರ, ಅಗಲಿದವರ ಶೃಂಗಾರ ಎಂದು ಎರಡಾಗಿಯೇ ವಿಂಗಡಿಸಿದರು. ಎರಡನೆಯದಕ್ಕೆ ವಿಪ್ರಲಂಭವೆಂದು ಹೆಸರಿಟ್ಟರು. ಎಲ್ಲ ರಸಗಳೂ ಒಂದೇ ಕರುಣರಸದ ಬೇರೆ ಬೇರೆ ರೂಪಗಳೆಂಬ ಮಾತನ್ನು ಭವಭೂತಿ ತನ್ನ 'ಉತ್ತರರಾಮಚರಿತ'ದಲ್ಲಿ ಒಂದು ಪಾತ್ರದಿಂದ ಆಡಿಸಿದ. ಪರ್ಷಿಯನ್ ಕವಿ ನಿಝಾಮಿ 1188ರಲ್ಲಿ ಲೈಲಾ–ಮಜ್ನೂನರ ಕಥೆಯನ್ನು ಕಾವ್ಯವಾಗಿಸಿದ. ಆ ಕಾವ್ಯ ಓದದವರಿಗೂ ಆ ಎರಡು ಹೆಸರು ಗೊತ್ತು. ಉರ್ದು ಗಝಲಿನ ಬಹುಪಾಲು ನಿಂತಿರುವುದೇ ಹಿಜ್ರ್ ಎಂಬ ಅಗಲಿಕೆಯ ಮೇಲೆ. ಮೌಲಾನಾ ರೂಮಿಯ ಮಸ್ನವಿ ಆರಂಭವಾಗುವುದು ಜೊಂಡಿನಿಂದ ಕಡಿದು ತಂದ ಕೊಳಲಿನ ದೂರಿನೊಂದಿಗೆ. ಬಯಲುಸೀಮೆಯ ಹಳ್ಳಿಗಳಲ್ಲಿ ಮೊಹರಂ ಬಂದಾಗ ಕರ್ಬಲಾದ ಶೋಕದಲ್ಲಿ ಎಲ್ಲ ಜಾತಿಯವರೂ ಪಾಲುಗೊಳ್ಳುತ್ತಾರೆ. ಪರರ ಅಳಲನ್ನು ತಮ್ಮದಾಗಿಸಿಕೊಳ್ಳುವ ಪಾಠ ಈ ನೆಲಕ್ಕೆ ಜಪಾನಿನಿಂದ ಬರಬೇಕಾಗಿರಲಿಲ್ಲ.

ಆದರೆ ಈ ಪ್ರಶ್ನೆಯನ್ನು ಜಪಾನಿನವರು ನೇರವಾಗಿ ನೀತಿಯ ಪ್ರಶ್ನೆಯನ್ನಾಗಿಯೇ ಕೇಳಿಕೊಂಡರು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಮುರಾಸಾಕಿ ಶಿಕಿಬು ಎಂಬ ಅರಮನೆಯ ಹೆಂಗಸು ಬರೆದ 'ಗೆಂಜಿಯ ಕಥೆ' ಅವರ ಸಾಹಿತ್ಯದ ತಾಯಿಬೇರು. ಅದರ ತುಂಬ ಅಗಲಿಕೆಗಳು, ಜೊತೆಗೆ ನೀತಿಗೆ ಹೊಂದದ ಸಂಬಂಧಗಳು. ಇಂಥ ಪುಸ್ತಕದಿಂದ ಏನು ಲಾಭ ಎಂದು ಬೌದ್ಧರೂ ಕನ್‌ಫ್ಯೂಶಿಯಸ್ಸನ ಅನುಯಾಯಿಗಳೂ ಕೇಳುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಮೊತೊಓರಿ ನೊರಿನಾಗ ಎಂಬ ವೈದ್ಯ ವೃತ್ತಿಯ ವಿದ್ವಾಂಸ ಅದಕ್ಕೆ ಉತ್ತರ ಕೊಟ್ಟ. ಕಥೆ ಇರುವುದು ಒಳ್ಳೆಯದು ಕೆಟ್ಟದ್ದನ್ನು ತೂಗಿ ತೀರ್ಪು ಕೊಡಲಿಕ್ಕಲ್ಲ, ಲೋಕದ ವಸ್ತುಗಳನ್ನು ಕಂಡು ಮಿಡಿಯುವ ಹೃದಯವನ್ನು ಬೆಳೆಸಲಿಕ್ಕೆ ಎಂಬುದು ಅವನ ವಾದದ ತಿರುಳು. ಆ ಮಿಡಿತಕ್ಕೆ ಜಪಾನಿ ಭಾಷೆಯಲ್ಲಿ 'ಮೊನೊ ನೊ ಅವಾರೆ' ಎನ್ನುತ್ತಾರೆ. ಚೆರ್ರಿ ಹೂವು ಉದುರುವುದರಿಂದಲೇ ಸುಂದರ ಎಂಬ ಭಾವ ಅದು. ಯುಗಾದಿಯಂದು ಪಕ್ಕದ ಮನೆಯಿಂದ ಬರುವ ಬೇವುಬೆಲ್ಲ ತಿಂದು ಬೆಳೆದ ನಮಗೆ ಆ ರುಚಿ ಅಪರಿಚಿತವಲ್ಲ.

ನೊರಿನಾಗನ ಮಾತಿನಲ್ಲಿ ಅರ್ಧ ಸತ್ಯವಿದೆ. ಮಿಡಿಯದ ಹೃದಯಕ್ಕೆ ಎಷ್ಟು ನೀತಿ ಹೇಳಿದರೂ ಅದು ಬಂಡೆಯ ಮೇಲೆ ಸುರಿದ ಮಳೆ. ಉಳಿದರ್ಧ ಸತ್ಯಕ್ಕೆ ನಾವು ಬೇರೆ ಕಡೆ ನೋಡಬೇಕಾಗುತ್ತದೆ. ಏಕೆಂದರೆ ಮಿಡಿಯುವ ಹೃದಯವೊಂದೇ ಸಾಲದು. ಸಿನಿಮಾದ ಕತ್ತಲಲ್ಲಿ ಬಿಕ್ಕಿ ಬಿಕ್ಕಿ ಅತ್ತವನೇ ಮನೆಗೆ ಬಂದು ತಂಗಿಯ ಮೇಲೆ ಕೈ ಎತ್ತುವುದನ್ನು ಲೋಕ ಕಂಡಿದೆ.

ನಮ್ಮಲ್ಲಿ ಕೆಲವು ಹಿರಿಯರು ಈ ಕಣ್ಣೀರನ್ನೇ ಅನುಮಾನದಿಂದ ನೋಡುತ್ತಾರೆ. ಸಹನೆಯುಳ್ಳ ವಿಶ್ವಾಸಿ ಅಳಬಾರದು, ಅದರಲ್ಲೂ ಕಥೆ ಕೇಳಿ ಅಳುವುದು ಹೊತ್ತು ಹಾಳು ಎಂಬುದು ಅವರ ಮಾತು. ಹೊತ್ತು ಹಾಳಾಗುವುದರ ಬಗ್ಗೆ ಅವರು ಹೇಳುವುದರಲ್ಲಿ ಸತ್ಯವಿಲ್ಲದಿಲ್ಲ. ರಾತ್ರಿಯಿಡೀ ಕಂತಿನ ಮೇಲೆ ಕಂತು ನೋಡಿ ಬೆಳಗಿನ ನಮಾಝನ್ನೂ ಕಾಲೇಜನ್ನೂ ತಪ್ಪಿಸಿಕೊಳ್ಳುವುದನ್ನು ಯಾರೂ ಸಮರ್ಥಿಸಲಾರರು. ಆ ಧಾರಾವಾಹಿಗಳ ಜೀವನಕ್ರಮ, ಮದುವೆಗೆ ಮುಂಚಿನ ಒಡನಾಟ ನಮ್ಮ ಧರ್ಮ ಒಪ್ಪುವಂಥದಲ್ಲ ಎಂಬುದೂ ನಿಜ. ಆದರೆ ಕಣ್ಣೀರನ್ನೇ ದೂರುವುದು ಬೇರೆ ಮಾತು.

ಪವಿತ್ರ ಕುರ್‌ಆನಿನ ಹನ್ನೆರಡನೆಯ ಅಧ್ಯಾಯ ಯೂಸುಫ್. ಅದು ತನ್ನನ್ನು ತಾನೇ ಕಥೆಗಳಲ್ಲೆಲ್ಲ ಉತ್ತಮವಾದ ಕಥೆಯೆಂದು ಕರೆದುಕೊಂಡಿದೆ. ಆ ಕಥೆಯಲ್ಲಿ ತಂದೆ ಹಝ್ರತ್ ಯಾಕೂಬ್(ಅ) ಮಗನನ್ನು ಕಳೆದುಕೊಂಡು ಅತ್ತು ಅತ್ತು ಕಣ್ಣು ಬೆಳ್ಳಗಾಗಿಸಿಕೊಳ್ಳುತ್ತಾರೆ. ಸುಂದರವಾದ ಸಹನೆಯ ಮಾತನ್ನು ಆಡಿದವರೂ ಅವರೇ. ಇನ್ನೂ ಎಷ್ಟು ದಿನ ಯೂಸುಫನನ್ನೇ ನೆನೆಯುತ್ತೀರಿ ಎಂದು ಮಕ್ಕಳು ಆಕ್ಷೇಪಿಸಿದಾಗ, ತನ್ನ ಅಳಲನ್ನು ತಾನು ತೋಡಿಕೊಳ್ಳುವುದು ಅಲ್ಲಾಹನಲ್ಲಿ ಮಾತ್ರ ಎನ್ನುತ್ತಾರೆ. ಕಣ್ಣೀರು ಮತ್ತು ಸಹನೆ ಒಂದೇ ಎದೆಯಲ್ಲಿ ಇರಬಲ್ಲವು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಪ್ರವಾದಿ ಮುಹಮ್ಮದ್(ಸ) ತಮ್ಮ ಎಳೆಯ ಮಗ ಇಬ್ರಾಹೀಮನ ಕೊನೆಯುಸಿರಿನ ಹೊತ್ತಿಗೆ ಕಣ್ಣೀರಿಟ್ಟರು. ತಾವೂ ಅಳುವುದೇ ಎಂದು ಅನುಚರರೊಬ್ಬರು ಅಚ್ಚರಿಪಟ್ಟಾಗ ಇದು ಕರುಣೆ ಎಂದು ಉತ್ತರಿಸಿದರು. ಆದ್ದರಿಂದ ಅಳುವುದು ತಪ್ಪೇ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಯಾವುದಕ್ಕಾಗಿ ಅಳುತ್ತೇವೆ, ಆ ಅಳು ನಮ್ಮನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದೇ ಪ್ರಶ್ನೆ.

ಈ ಕಥೆಗಳಲ್ಲಿ ಕಹಿ ಎಲ್ಲಿಂದ ಬರುತ್ತದೆಂದು ಹೇಳುವುದು ಸುಲಭ. ಬಯಸಿದ್ದು ಸಿಗಲಿಲ್ಲ, ಅದೇ ಕಹಿ. ಸಿಹಿ ಎಲ್ಲಿಂದ ಬರುತ್ತದೆ? ಅಗಲಿಕೆಯಿಂದಲೇ ಬರುತ್ತದೆ ಎನ್ನಲಾಗದು. ಹಾಗಿದ್ದರೆ ಅಗಲಿಕೆಯಿರುವ ಎಲ್ಲ ಕಥೆಗಳೂ ಸಿಹಿಯಾಗಬೇಕಿತ್ತು. ಪ್ರೀತಿ ಸಿಗದವನು ಕುಡಿದು ಬೀದಿಯಲ್ಲಿ ಬಿದ್ದ ಕಥೆಯೂ ಅಗಲಿಕೆಯದೇ, ಸಿಗದವಳ ಬಾಳನ್ನು ಹಾಳುಗೆಡವಿದ ಕಥೆಯೂ ಅಗಲಿಕೆಯದೇ. ಅವನ್ನು ನೋಡಿದಾಗ ನಮಗೆ ಆಗುವುದು ಮರುಕ ಅಥವಾ ಅಸಹ್ಯ, ಸಿಹಿಯಲ್ಲ. ನಮಗೆ ತೋಚುವ ಮಟ್ಟಿಗೆ ಸಿಹಿಯಿರುವುದು ಒಂದೇ ಕಡೆ. ತನಗೆ ಸಿಗದ್ದನ್ನು ತಾನಾಗಿ ಬಿಟ್ಟುಕೊಟ್ಟು, ಆ ನೋವನ್ನು ಎದುರಿನವರ ತಲೆಗೆ ಕಟ್ಟದೆ, ಅವರಿಗೆ ಒಳ್ಳೆಯದನ್ನೇ ಬಯಸಿ ಹೋಗುವ ಮನುಷ್ಯರನ್ನು ಕಂಡಾಗ ನಮ್ಮ ಗಂಟಲು ಕಟ್ಟುತ್ತದೆ. ರಿಕಾ ಒಂದು ಗಾಡಿ ಮುಂಚೆ ಹೊರಟದ್ದೇಕೆ? ಓಡಿ ಬಂದವನು ಅಳುವವಳನ್ನು ಕಂಡು ಕರುಣೆಯಿಂದ ಒಪ್ಪಿಕೊಳ್ಳುವುದು ಅವಳಿಗೆ ಬೇಡವಾಗಿತ್ತೆಂದೇ ನಮಗೆ ಅನ್ನಿಸುತ್ತದೆ. ಪ್ರೀತಿಯನ್ನು ಬೇಡಿ ಪಡೆಯಲಾಗದು, ಹೆದರಿಸಿಯೂ ಪಡೆಯಲಾಗದು, ಕಣ್ಣೀರು ತೋರಿಸಿ ಕೊಂಡುಕೊಳ್ಳಲೂ ಆಗದು. ಅದನ್ನು ತಿಳಿದವಳ ನಗು ಅದು. ಆ ನಗುವಿಗೆ ಬೆಲೆ ತೆತ್ತವಳು ಅವಳೇ. ಅದಕ್ಕೇ ಅದು ಸಿಹಿ.

ಇದೇ ಅಳತೆಗೋಲನ್ನು ನಮ್ಮ ದುರ್ಗದ ಕಥೆಗೆ ಹಿಡಿದು ನೋಡೋಣ. ರಾಮಾಚಾರಿ ಅಲಮೇಲುವನ್ನು ಪ್ರೀತಿಸುತ್ತಾನೆ. ಅವಳಿಗೂ ಅವನ ಮೇಲೆ ಮನಸ್ಸಿದೆ. ಬೀದಿಯಲ್ಲಿ ಅವಳನ್ನು ಕಾಡುವ ಪುಂಡನಿಂದ ತಂಗಿಯನ್ನು ಪಾರು ಮಾಡಿದರೆ ಮದುವೆ ಮಾಡಿಕೊಡುತ್ತೇನೆಂದು ಅವಳ ಅಣ್ಣ ವರದ ಮಾತು ಕೊಟ್ಟಿರುತ್ತಾನೆ. ಆ ಪುಂಡನಿಗೆ ಕಥೆ ಇಟ್ಟ ಹೆಸರು ಜಲೀಲ. ನಮ್ಮ ಊರಿನ ಅತಿ ಪ್ರಸಿದ್ಧ ಕಥೆಯಲ್ಲಿ ನಮ್ಮ ಹೆಸರು ಕಾಣಿಸಿಕೊಂಡದ್ದು ಹೀಗೆ ಎಂಬುದನ್ನು ನಾವು ಗಮನಿಸದೆ ಇಲ್ಲ. ಅಂಬರೀಶರ ಅಭಿನಯಕ್ಕೆ ಚಪ್ಪಾಳೆ ತಟ್ಟಿದವರಲ್ಲಿ ನಮ್ಮವರೂ ಇದ್ದರು ಎಂಬುದನ್ನೂ ಮರೆತಿಲ್ಲ. ಅದು ಇನ್ನೊಂದು ಬರಹದ ವಿಷಯ. ಇಲ್ಲಿ ಮುಖ್ಯವಾದದ್ದು ಮುಂದಿನದು. ಕೆಲಸವಾದ ಮೇಲೆ ವರದ ಕೊಟ್ಟ ಮಾತಿಗೆ ತಪ್ಪುತ್ತಾನೆ. ರಾಮಾಚಾರಿ ಯಾರ ಮಾತನ್ನೂ ಕೇಳದ ಹುಡುಗ. ಅವನು ತಲೆಬಾಗುವುದು ಬಾಲ್ಯದ ಗುರು ಚಾಮಯ್ಯ ಮೇಷ್ಟ್ರಿಗೆ ಮಾತ್ರ. ಮಕ್ಕಳಿಲ್ಲದ ಮೇಷ್ಟ್ರಿಗೆ ಅವನೇ ಮಗ. ಮೇಷ್ಟ್ರು ತ್ಯಾಗದ ಮಾತಾಡುತ್ತಾರೆ. ರಾಮಾಚಾರಿ ಪ್ರೀತಿಯನ್ನು ಗುರುವಿನ ಪಾದಕ್ಕೆ ಒಪ್ಪಿಸಿಬಿಡುತ್ತಾನೆ.

ಇಲ್ಲಿಯವರೆಗೆ ನೋಡುವವರ ಕಣ್ಣು ತುಂಬುತ್ತದೆ. ಆದರೆ ಮುಂದೇನಾಯಿತು? ಅಲಮೇಲುವನ್ನು ಮನೆಯವರು ತಮಗೆ ಸರಿಕಂಡವನಿಗೆ ಕೊಟ್ಟರು. ಆ ಗಂಡನಿಂದಲೇ ಅವಳು ಮೈಮಾರುವ ಕೂಪಕ್ಕೆ ಬಿದ್ದಳು. ವರ್ಷಗಳ ನಂತರ ರಾಮಾಚಾರಿ ಅವಳನ್ನು ಕಂಡದ್ದು ಹೋಟೆಲಿನ ಕೋಣೆಯಲ್ಲಿ. ಈ ತ್ಯಾಗದ ಲೆಕ್ಕವನ್ನು ಇನ್ನೊಮ್ಮೆ ಬಿಡಿಸಿ ನೋಡಿದರೆ ಗೊತ್ತಾಗುತ್ತದೆ: ತ್ಯಾಗ ಮಾಡೆಂದವರು ಮೇಷ್ಟ್ರು, ಮಾಡಿದವನು ರಾಮಾಚಾರಿ, ಬೆಲೆ ತೆತ್ತವಳು ಅಲಮೇಲು. ಅವಳನ್ನು ಯಾರೂ ಕೇಳಲಿಲ್ಲ. ಅಣ್ಣ ಅವಳನ್ನು ಪಣವಾಗಿಟ್ಟ, ಗುರು ಅವಳನ್ನು ಪಾಠವಾಗಿಸಿದ, ಪ್ರೇಮಿ ಅವಳನ್ನು ಗುರುದಕ್ಷಿಣೆಯಾಗಿ ಕೊಟ್ಟ. ಮೂವರೂ ಕೆಟ್ಟವರಲ್ಲ, ಮೇಷ್ಟ್ರಂತೂ ದೇವರಂಥವರು. ಕೆ.ಎಸ್. ಅಶ್ವಥ್ ಅವರ ಆ ಮುಖವನ್ನು ಕನ್ನಡಿಗರು ಮರೆಯಲಾರರು. ಆದರೆ ಒಳ್ಳೆಯವರೆಲ್ಲ ಸೇರಿ ಒಬ್ಬ ಹೆಣ್ಣುಮಗಳನ್ನು ಕೇಳದೆ ಅವಳ ಬಾಳನ್ನು ತ್ಯಾಗ ಮಾಡಬಲ್ಲರು ಎಂಬುದೇ ಈ ಕಥೆಯ ನಿಜವಾದ ವಿಷ. ಅದೇ ಮೇಷ್ಟ್ರು ಮುಂದೆ ಕ್ರೈಸ್ತ ಹುಡುಗಿ ಮಾರ್ಗರೇಟಳ ವಿಷಯದಲ್ಲೂ ಅಡ್ಡ ನಿಂತಾಗ ರಾಮಾಚಾರಿ ಈ ಸಲ ತಲೆಬಾಗುವುದಿಲ್ಲ. ಬೆಟ್ಟದ ಮೇಲಿನ ಆ ಕೊನೆಯಲ್ಲಿ ಗುರು ಬಿದ್ದು ಸಾಯುತ್ತಾರೆ, ಪ್ರೇಮಿಗಳಿಬ್ಬರೂ ಹಿಂದೆಯೇ ಹಾರುತ್ತಾರೆ.

ಆದ್ದರಿಂದ 'ನಾಗರಹಾವು' ಬೇವುಬೆಲ್ಲವಲ್ಲ, ಬೇವು ಮಾತ್ರ. ಅದು ದೊಡ್ಡ ಕಥೆ ಎಂಬುದರಲ್ಲಿ ಎರಡು ಮಾತಿಲ್ಲ. ದೊಡ್ಡದೇಕೆಂದರೆ ಹೇರಿದ ತ್ಯಾಗದಿಂದ ಏನಾಗುತ್ತದೆಂಬುದನ್ನು ಅದು ಮುಚ್ಚಿಡದೆ ತೋರಿಸಿತು. ಆದರೆ ನೋಡುವವರಾದ ನಾವು ಏನು ಮಾಡಿದೆವು? ಐವತ್ತು ವರ್ಷಗಳಿಂದ ರಾಮಾಚಾರಿಯ ಸಿಟ್ಟನ್ನೂ ಮೇಷ್ಟ್ರ ವಾತ್ಸಲ್ಯವನ್ನೂ ಹಾಡಿ ಹೊಗಳಿದೆವು. ಬಂಡೆಯನ್ನು ಹುಡುಕಿಕೊಂಡು ಬೆಟ್ಟ ಹತ್ತಿದೆವು. ಅಲಮೇಲುವಿನ ಹೆಸರಿನಲ್ಲಿ ಮಾತ್ರ ಆ ಬೆಟ್ಟದ ಮೇಲೆ ಯಾವ ಕಲ್ಲೂ ಇಲ್ಲ.

ಕೂಡಿ ಬಾರದ ಪ್ರೀತಿಯನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದಕ್ಕೆ ನಮ್ಮ ಪರಂಪರೆಯಲ್ಲೇ ಒಂದು ಘಟನೆಯಿದೆ. ಸಹೀಹ್ ಬುಖಾರಿಯಲ್ಲಿ ಇಬ್ನು ಅಬ್ಬಾಸ್(ರ) ಅದನ್ನು ನೆನಪಿಸಿಕೊಂಡಿದ್ದಾರೆ. ನಮ್ಮ ಉಪನ್ಯಾಸಗಳಲ್ಲಿ ಅದು ಕೇಳಿಬರುವುದು ಅಪರೂಪ.

ಮದೀನಾದಲ್ಲಿ ಬರೀರಾ ಎಂಬ ಗುಲಾಮ ಹೆಣ್ಣುಮಗಳಿದ್ದರು. ಅವರ ಗಂಡ ಮುಗೀಸ್, ಅವರೂ ಗುಲಾಮರು. ಹಝ್ರತ್ ಆಯಿಶಾ(ರ) ಬರೀರಾರನ್ನು ಬಿಡುಗಡೆ ಮಾಡಿಸಿದರು. ಬಿಡುಗಡೆಯಾದ ಹೆಣ್ಣಿಗೆ, ಇನ್ನೂ ಗುಲಾಮನಾಗಿರುವ ಗಂಡನೊಂದಿಗೆ ಇರಬೇಕೋ ಬೇಡವೋ ಎಂದು ಆರಿಸಿಕೊಳ್ಳುವ ಹಕ್ಕು ಸಿಗುತ್ತಿತ್ತು. ಬರೀರಾ ಬೇಡವೆಂದರು. ಮುಗೀಸರಿಗೆ ಅವರೆಂದರೆ ಪ್ರಾಣ. ಅವರು ಮದೀನಾದ ಬೀದಿಗಳಲ್ಲಿ ಬರೀರಾರ ಹಿಂದೆ ಅಳುತ್ತಾ ಸುತ್ತುತ್ತಿದ್ದರು, ಕಣ್ಣೀರು ಗಡ್ಡದ ಮೇಲೆ ಇಳಿಯುತ್ತಿತ್ತು. ಅದನ್ನು ಕಂಡ ಪ್ರವಾದಿವರ್ಯರು(ಸ), ಇವರ ಪ್ರೀತಿಯನ್ನೂ ಆಕೆಯ ಬೇಸರವನ್ನೂ ಕಂಡು ನಿಮಗೆ ಅಚ್ಚರಿಯಾಗುವುದಿಲ್ಲವೇ ಎಂದು ಚಿಕ್ಕಪ್ಪ ಅಬ್ಬಾಸರನ್ನು(ರ) ಕೇಳಿದರು. ಮತ್ತೆ ಬರೀರಾರಲ್ಲಿ, ನೀವು ಅವರ ಬಳಿಗೆ ಮರಳಬಾರದೇ ಎಂದರು. ಬರೀರಾ ಕೇಳಿದ ಪ್ರಶ್ನೆ ಒಂದೇ: ಇದು ತಮ್ಮ ಆಜ್ಞೆಯೇ? ಅಲ್ಲ, ನಾನು ಶಿಫಾರಸು ಮಾಡುತ್ತಿದ್ದೇನೆ ಅಷ್ಟೆ ಎಂದರು ಪ್ರವಾದಿವರ್ಯರು. ಹಾಗಾದರೆ ನನಗೆ ಅವರ ಅಗತ್ಯವಿಲ್ಲ ಎಂದರು ಬರೀರಾ. ಮಾತು ಅಲ್ಲಿಗೆ ಮುಗಿಯಿತು.

ಯೋಚಿಸಿ ನೋಡಿ. ಗುಲಾಮಗಿರಿಯಿಂದ ಆಗತಾನೇ ಹೊರಬಂದ ಹೆಣ್ಣು, ತನ್ನ ಜನರ ನಾಯಕರೂ ಅಲ್ಲಾಹನ ಸಂದೇಶವಾಹಕರೂ ಆದವರ ಶಿಫಾರಸನ್ನು ಒಲ್ಲೆ ಎನ್ನುತ್ತಾರೆ. ಯಾರೂ ಅವರನ್ನು ಕಲ್ಲು ಹೃದಯದವಳೆಂದು ಹಳಿಯಲಿಲ್ಲ. ಮುಗೀಸರ ಕಣ್ಣೀರನ್ನೂ ಯಾರೂ ಗೇಲಿ ಮಾಡಲಿಲ್ಲ, ಗಂಡಸಾಗಿ ಅಳುತ್ತೀಯಾ ಎನ್ನಲಿಲ್ಲ. ಒಬ್ಬರ ನೋವಿಗೂ ಜಾಗ ಸಿಕ್ಕಿತು, ಇನ್ನೊಬ್ಬರ ಬೇಡ ಎಂಬ ಮಾತಿಗೂ ಜಾಗ ಸಿಕ್ಕಿತು. ನೋವು ದೊಡ್ಡದೆಂಬ ಕಾರಣಕ್ಕೆ ಅದು ಹಕ್ಕಾಗಲಿಲ್ಲ. ಚಾಮಯ್ಯ ಮೇಷ್ಟ್ರು ಮಾಡದೆ ಉಳಿದದ್ದು ಇದನ್ನೇ. ಅವರು ಶಿಫಾರಸು ಮಾಡಲಿಲ್ಲ, ಶಿಷ್ಯನ ಭಕ್ತಿಯನ್ನು ಬಳಸಿ ಆಜ್ಞೆ ಮಾಡಿದರು. ನೊರಿನಾಗನ ಮಾತಿನ ಉಳಿದರ್ಧವೂ ಇಲ್ಲೇ ಸಿಗುತ್ತದೆ. ಹೃದಯ ಮಿಡಿಯಬೇಕು ನಿಜ. ಆದರೆ ಆ ಮಿಡಿತ ಎದುರಿನವರ ಬಾಗಿಲನ್ನು ಒದೆಯಬಾರದು.

ಇದನ್ನೆಲ್ಲ ಈಗ ಏಕೆ ಹೇಳಬೇಕು? 2024ರಲ್ಲಿ ಹುಬ್ಬಳ್ಳಿಯಲ್ಲಿ ಒಂದು ತಿಂಗಳ ಅಂತರದೊಳಗೆ ಇಬ್ಬರು ಯುವತಿಯರ ಕೊಲೆಯಾಯಿತು. ಪ್ರೀತಿಯನ್ನು ನಿರಾಕರಿಸಿದ್ದೇ ಕಾರಣವೆಂದು ಎರಡೂ ಪ್ರಕರಣಗಳಲ್ಲಿ ವರದಿಯಾಯಿತು. ಆರೋಪಿಗಳಲ್ಲಿ ಒಬ್ಬ ಮುಸ್ಲಿಮ್, ಇನ್ನೊಬ್ಬ ಹಿಂದೂ. ಮೊದಲನೆಯದರಲ್ಲಿ ಆರೋಪಿಯ ಧರ್ಮವೇ ದೊಡ್ಡ ಸುದ್ದಿಯಾಯಿತು, ರಾಜ್ಯದ ರಾಜಕೀಯವೆಲ್ಲ ಅದರ ಸುತ್ತ ತಿರುಗಿತು. ಎರಡನೆಯದರಲ್ಲಿ ಯಾರೂ ಧರ್ಮ ಕೇಳಲಿಲ್ಲ. ಈ ತಾರತಮ್ಯವನ್ನು ನಾವು ಆಡಿ ತೋರಿಸುವುದು ನ್ಯಾಯವೇ. ಆದರೆ ಅಷ್ಟಕ್ಕೇ ನಿಂತರೆ ನಾವೂ ಹೆಸರಿನ ಲೆಕ್ಕ ಹಾಕಿದಂತಾಯಿತು. ಎರಡೂ ಕಡೆ ಕೇಳಬೇಕಾದ ಪ್ರಶ್ನೆ ಒಂದೇ ಆಗಿತ್ತು: ಹೆಣ್ಣೊಬ್ಬಳು ಬೇಡ ಎಂದರೆ ಅದು ತನಗಾದ ಅವಮಾನವೆಂದು ನಮ್ಮ ಗಂಡುಮಕ್ಕಳಿಗೆ ಕಲಿಸಿದವರು ಯಾರು? ಮುಗೀಸರ ಕಥೆಯನ್ನು ಅವರಿಗೆ ಹೇಳದೆ ಉಳಿದವರು ಯಾರು?

ಸಿನಿಮಾದ ಮೇಲೆ ಗೂಬೆ ಕೂರಿಸಿ ನಾವು ಪಾರಾಗಲಾರೆವು. ಬೆನ್ನು ಹತ್ತಿದರೆ ಹುಡುಗಿ ಒಲಿದೇ ಒಲಿಯುತ್ತಾಳೆ ಎಂಬ ಪಾಠವನ್ನು ನಮ್ಮ ಸಿನಿಮಾಗಳು ದಶಕಗಳ ಕಾಲ ಕಲಿಸಿದ್ದು ಹೌದು. ಮಾರ್ಗರೇಟಳೊಂದಿಗೆ ರಾಮಾಚಾರಿಯ ಮೊದಮೊದಲಿನ ವರ್ತನೆಯೂ ಇಂದು ನೋಡಿದರೆ ಕಸಿವಿಸಿ ತರಿಸುವಂಥದೇ. ಆದರೆ ಬೇಡ ಎಂಬ ಮಾತಿಗೆ ಬೆಲೆಯಿಲ್ಲವೆಂದು ಹುಡುಗರು ಮೊದಲು ಕಲಿಯುವುದು ಮನೆಯಲ್ಲಿ. ಅಕ್ಕನ ಮದುವೆ ಗೊತ್ತಾಗುವಾಗ ಅವಳನ್ನು ಯಾರೂ ಕೇಳದಿರುವುದನ್ನು ಕಂಡ ತಮ್ಮ, ನಾಳೆ ಬೇರೆಯವರ ಮಗಳನ್ನು ಏಕೆ ಕೇಳುತ್ತಾನೆ? ನಿಕಾಹಿಗೆ ಹೆಣ್ಣಿನ ಒಪ್ಪಿಗೆ ಬೇಕೆಂದು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ತನ್ನ ಮನಸ್ಸಿಗೆ ವಿರುದ್ಧವಾಗಿ ತಂದೆ ಮದುವೆ ಮಾಡಿಸಿದನೆಂದು ಖನ್ಸಾ ಬಿಂತ್ ಖಿದಾಮ್(ರ) ದೂರು ತಂದಾಗ ಪ್ರವಾದಿವರ್ಯರು(ಸ) ಆ ಮದುವೆಯನ್ನೇ ರದ್ದು ಮಾಡಿದರೆಂಬ ಹದೀಸನ್ನೂ ಉದ್ಧರಿಸುತ್ತೇವೆ. ಆದರೆ ಎಷ್ಟೋ ಮನೆಗಳಲ್ಲಿ ಒಪ್ಪಿಗೆ ಕೇಳುವುದೆಂದರೆ ಶಾಮಿಯಾನ ಹಾಕಿ, ಬಿರಿಯಾನಿ ಬೆಂದ ಮೇಲೆ, ಮುಸುಕಿನ ಮುಂದೆ ಪುಸ್ತಕ ಹಿಡಿದು ಸಹಿ ಹಾಕಿಸಿಕೊಳ್ಳುವುದು. ಆ ಹೊತ್ತಿನಲ್ಲಿ ಬೇಡ ಎನ್ನುವ ಧೈರ್ಯ ಯಾವ ಹುಡುಗಿಗಿದೆ? ಅಬ್ಬನ ಮರ್ಯಾದೆ, ಅಮ್ಮನ ಕಣ್ಣೀರು, ತಂಗಿಯರ ಭವಿಷ್ಯ ಎಂದು ತ್ಯಾಗದ ಪಾಠ ಹೇಳುವ ಚಾಮಯ್ಯ ಮೇಷ್ಟ್ರುಗಳು ಎಲ್ಲ ಧರ್ಮದ ಮನೆಗಳಲ್ಲೂ ಇದ್ದಾರೆ. ಅವರೂ ಒಳ್ಳೆಯವರೇ.

ತ್ಯಾಗವೆಂಬ ಮಾತನ್ನು ನಾವು ಬಹಳ ಸಡಿಲವಾಗಿ ಬಳಸುತ್ತೇವೆ. ತನ್ನದನ್ನು ತಾನು ಬಿಟ್ಟರೆ ತ್ಯಾಗ. ಇನ್ನೊಬ್ಬರದನ್ನು ಬಿಡಿಸಿದರೆ ಅದಕ್ಕೆ ಬೇರೆ ಹೆಸರಿದೆ. ಕೂಡಿ ಬಾರದ ಪ್ರೀತಿಯ ಒಳ್ಳೆಯ ಕಥೆ ನಮಗೆ ಬೇಕಾಗಿರುವುದು ಈ ವ್ಯತ್ಯಾಸವನ್ನು ಹೃದಯಕ್ಕೆ ಮುಟ್ಟಿಸಲಿಕ್ಕೆ. ಉಪದೇಶದಿಂದ ಮುಟ್ಟದ್ದು ಒಂದು ಕರವಸ್ತ್ರದಿಂದ ಮುಟ್ಟಬಹುದು. ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯಿಂದ 1997ರಿಂದ ಹೊರಟ 'ಶಿವಸಂಚಾರ' ನಾಟಕ ತಂಡ ಊರೂರಿಗೆ ನಾಟಕ ಒಯ್ದದ್ದೂ ಇದೇ ನಂಬಿಕೆಯಿಂದಲ್ಲವೇ? ಒಂದು ಮಠದವರು ಪ್ರವಚನ ಬಲ್ಲವರಾಗಿಯೂ ರಂಗವನ್ನು ನೆಚ್ಚಿಕೊಂಡದ್ದರಲ್ಲಿ ನಮಗೂ ಕಲಿಯುವುದಿದೆ. ಜೊತೆಗೆ ಕುಳಿತು ನೋಡಿದ ಕಥೆಯ ಬಗ್ಗೆ ಜೊತೆಗೆ ಮಾತಾಡಬಹುದು. ಕಂಬಳಿಯೊಳಗೆ ಒಬ್ಬಳೇ ನೋಡಿದ ಕಥೆ ಕಣ್ಣೀರಾಗಿಯಷ್ಟೇ ಇಂಗಿಹೋಗುತ್ತದೆ. ಮೊಬೈಲ್ ಕಸಿದುಕೊಳ್ಳುವ ಬದಲು ಪಕ್ಕದಲ್ಲಿ ಕುಳಿತು, ಅವಳು ಏಕೆ ಬಿಟ್ಟು ಹೋದಳು, ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದರೆ ಮಗಳ ಮನಸ್ಸು ತಾಯಿಗೆ ತಿಳಿದೀತು. ಅದೇ ಪ್ರಶ್ನೆಯನ್ನು ಮಗನಿಗೂ ಕೇಳಬೇಕು. ಅವನಿಗೆ ಇನ್ನೂ ಹೆಚ್ಚು ಕೇಳಬೇಕು.

ಹಾಗಾದರೆ ಕೂಡಿ ಬಾರದ ಪ್ರೀತಿ ವ್ಯರ್ಥವೇ ಎಂದು ಎಳೆಯರು ಕೇಳಬಹುದು. ನಮ್ಮ ಜಿಲ್ಲೆಯವರಿಗೆ ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಕಡೂರಿನ ಕಡೆಯಿಂದ ಹೊಸದುರ್ಗ ಸೀಮೆಯನ್ನು ಹಾದು ಬರುವ ವೇದಾವತಿಗೆ ಹಿರಿಯೂರಿನ ಬಳಿ ಎರಡು ಗುಡ್ಡಗಳ ನಡುವೆ ಕಟ್ಟಿದ ಮಾರಿಕಣಿವೆ ಅಣೆಕಟ್ಟು ಮುಗಿದದ್ದು 1907ರ ಸುಮಾರಿಗೆ. ವಾಣಿವಿಲಾಸ ಸಾಗರವೆಂದು ಅದರ ಹೆಸರು. ಅದು 1933ರಲ್ಲಿ ತುಂಬಿ ಕೋಡಿ ಹರಿಯಿತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ಆ ದಿನ ಜನ ಹಬ್ಬದಂತೆ ಹೋಗಿ ನೋಡಿದರು. ಒಮ್ಮೆಯೂ ಕೋಡಿ ನೋಡದೆ ಬಾಳಿ ಹೋದ ತಲೆಮಾರುಗಳೇ ಆ ನಡುವೆ ಇದ್ದವು. ಆದರೆ ಆ 89 ವರ್ಷ ಅಣೆಕಟ್ಟು ವ್ಯರ್ಥವಾಗಿತ್ತೆಂದು ಹಿರಿಯೂರಿನ ಯಾವ ರೈತನೂ ಹೇಳಲಾರ. ತುಂಬದ ನೀರಿನಲ್ಲೇ ತೆಂಗು ಅಡಿಕೆ ಬೆಳೆದವು. ತುಂಬಿ ಹರಿಯುವುದೊಂದೇ ನೀರಿನ ಸಾರ್ಥಕತೆಯಲ್ಲ. ತನ್ನ ಕಟ್ಟೆಯೊಳಗೆ ನಿಂತು, ಯಾರ ಹೊಲವನ್ನೂ ಕೊಚ್ಚದೆ, ಇದ್ದಷ್ಟು ನೀರಿನಿಂದ ಹಸಿರು ಮಾಡುವುದೂ ಸಾರ್ಥಕತೆಯೇ. ಪ್ರೀತಿಯೂ ಹಾಗೆಯೇ. ಅದು ಮದುವೆಯ ಕೋಡಿಯನ್ನು ಮುಟ್ಟದೆ ಹೋಗಬಹುದು. ಆದರೆ ಒಬ್ಬ ಮನುಷ್ಯನನ್ನು ಅದು ಮೃದುವಾಗಿಸಿದರೆ, ಇನ್ನೊಬ್ಬರ ಒಲ್ಲೆ ಎಂಬ ಮಾತಿಗೆ ತಲೆಬಾಗುವುದನ್ನು ಕಲಿಸಿದರೆ ಅದು ಬರಿದಾಯಿತೆನ್ನಲಾಗದು. ಕಟ್ಟೆ ಒಡೆದ ನೀರು ಮಾತ್ರ ಊರನ್ನು ಮುಳುಗಿಸುತ್ತದೆ.

ನಮ್ಮ ಮಕ್ಕಳು ಟೋಕಿಯೋದ ಹುಡುಗಿಗಾಗಿ ಅಳುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಅಳಲಿ. ಬಿಟ್ಟುಕೊಟ್ಟವರ ಘನತೆಯನ್ನು ಗುರುತಿಸಿ ಅಳುವ ಹೃದಯ ಸರಿಯಾದ ಹೃದಯವೇ. ನಾವು ಗಾಬರಿಯಾಗಬೇಕಾದದ್ದು ಇನ್ನೊಂದಕ್ಕೆ. ಆ ಹುಡುಗಿಗೆ ಬರಲೂ ಹೋಗಲೂ ಇದ್ದ ಸ್ವಾತಂತ್ರ್ಯ ಅಲಮೇಲುವಿಗೆ ನಮ್ಮ ಬೆಟ್ಟದ ಊರಿನಲ್ಲಿ ಇರಲಿಲ್ಲ. ಬರೀರಾರಿಗೆ ಹದಿನಾಲ್ಕು ಶತಮಾನಗಳ ಹಿಂದೆ ಮದೀನಾದಲ್ಲಿ ಅದು ಸಿಕ್ಕಿತ್ತು. ಇಂದು ನಮ್ಮ ಮನೆಯ ಮಗಳು ಬೇಡ ಎಂದರೆ, ಇದು ನಿಮ್ಮ ಆಜ್ಞೆಯೇ ಎಂದು ಕೇಳಿದರೆ, ಅಲ್ಲವಮ್ಮಾ, ಬರೀ ಶಿಫಾರಸು ಎಂದು ಹೇಳಲು ನಮ್ಮಲ್ಲಿ ಎಷ್ಟು ಜನರಿಗೆ ನಾಲಿಗೆ ಹೊರಳೀತು?